ಡಬ್ಬಿ ಹಾಲು, ಫ್ಲಾಸ್ಕು ಮತ್ತು ಬೋರ್‌ವೆಲ್ ನೀರು

ಸಿಂಧನೂರಿನ ಸಹೋದರಿಯವರೇ, ಎರಡು ತಿಂಗಳ ಮಗುವಿಗೆ ಡಬ್ಬಿ ಹಾಲನ್ನು ಬೆಳಿಗ್ಗೆಯೇ ಕಲಸಿ ಫ್ಲಾಸ್ಕಿನಲ್ಲಿ ಇಡಬಹುದೇ, ಬೋರ್‌ವೆಲ್ ನೀರನ್ನು ಕುದಿಸಿದರೆ ಸಾಕೇ ಎಂದು ಕೇಳಿದ್ದೀರಿ.

ಕಲಸಿದ ಹಾಲನ್ನು ಫ್ಲಾಸ್ಕಿನಲ್ಲಿ ಇಡಲೇಬೇಡಿ. ಆ ಬಿಸುಪಿನಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಹಾಲಿನ ಪುಡಿಯೂ ಪೂರ್ಣ ಕ್ರಿಮಿರಹಿತವಲ್ಲದ ಕಾರಣ, ಕುದಿಸಿದ ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆರುವ ಮುನ್ನವೇ ಅದರಲ್ಲಿ ಪುಡಿಯನ್ನು ಬೆರೆಸಿ, ಬಾಟಲಿಯನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ ಕುಡಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಗು ಕುಡಿದು ಉಳಿಸಿದ್ದನ್ನು ಚೆಲ್ಲಿಬಿಡಿ. ಪ್ರಯಾಣಕ್ಕೆ ಫ್ಲಾಸ್ಕಿನಲ್ಲಿ ಬರೀ ಬಿಸಿನೀರನ್ನು ಒಯ್ಯಿರಿ, ಪುಡಿ ಬೇರೆಯಿರಲಿ.

ನೀರಿನ ವಿಷಯವೇ ಹೆಚ್ಚು ಮುಖ್ಯವೆಂದು ನನಗನಿಸುತ್ತದೆ. ನಿಮ್ಮ ರಾಯಚೂರು ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ, ಹೆಚ್ಚಾದರೆ ಹಲ್ಲು ಮತ್ತು ಮೂಳೆಗಳಿಗೆ ಹಾನಿ ಮಾಡುವ ಫ್ಲೋರೈಡ್ ಎಂಬ ಲವಣ ಇದ್ದು, ಅದು ಕುದಿಸಿದರೆ ಹೋಗುವುದಿಲ್ಲ, ಬದಲಿಗೆ ನೀರು ಬತ್ತಿದಷ್ಟೂ ಸಾಂದ್ರವಾಗುತ್ತದೆ. ಆದ್ದರಿಂದ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರನ್ನೇ ಕುದಿಸಿ ಬಳಸಿ.

ಡಬ್ಬಿ ಬೇಗ ಮುಗಿಯುತ್ತದೆಂದು ಅತ್ತೆಯವರು ನೀರು ಹೆಚ್ಚಿಸಲು ಹೇಳುತ್ತಾರೆಂದಿದ್ದೀರಿ. ತೆಳು ಹಾಲಿನಿಂದ ಮಗುವಿನ ತೂಕ ಏರದು. ಡಬ್ಬಿಯ ಮೇಲಿನ ಅಳತೆಯನ್ನೇ ಪಾಲಿಸಿ, ಚಮಚವನ್ನು ತಲೆಮಟ್ಟ ಸವರಿ ಹಾಕಿ. ಹಸುವಿನ ಹಾಲನ್ನಂತೂ ಒಂದು ವರ್ಷದವರೆಗೆ ಇದಕ್ಕೆ ಬದಲಾಗಿ ಕೊಡಬೇಡಿ. ಎದೆಹಾಲು ಸ್ವಲ್ಪವೇ ಬರುತ್ತಿದ್ದರೂ ಅದನ್ನು ಜೊತೆಗೆ ಮುಂದುವರಿಸಬಹುದು.