ಸ್ವಿಚ್ ಆರಿಸಿದರೆ ಸೆಟ್ಟಿಂಗ್ ಮರೆಯುವ ಡೆಸ್ಕ್‌ಟಾಪ್

ಪ್ರಶ್ನೆ: ನಮ್ಮ ಡೆಸ್ಕ್‌ಟಾಪ್ ಕೊಂಡು ಏಳು ವರ್ಷವಾಯಿತು. ರಾತ್ರಿ ಗೋಡೆಯ ಸ್ವಿಚ್ ಆರಿಸಿದರೆ ಬೆಳಿಗ್ಗೆ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ, ‘ಎಫ್1 ಒತ್ತಿ’ ಎಂದು ಕೇಳುತ್ತದೆ. ಸ್ವಿಚ್ ಹಾಕಿಯೇ ಬಿಟ್ಟರೆ ತೊಂದರೆಯಿಲ್ಲ. ರಿಪೇರಿಯವರು ಮದರ್‌ಬೋರ್ಡ್ ಬದಲಿಸಿ ಎನ್ನುತ್ತಾರೆ. ಬೇಕೇ?

ಉತ್ತರ: ಸದ್ಯಕ್ಕೆ ಬೇಡ. ಇದು ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸಿಮಾಸ್ ಬ್ಯಾಟರಿ ಮುಗಿದ ಲಕ್ಷಣ. ಕಂಪ್ಯೂಟರ್ ಆಫ್ ಆಗಿದ್ದರೂ ಪ್ಲಗ್‌ಗೆ ಕರೆಂಟ್ ಬರುತ್ತಿರುವಷ್ಟು ಹೊತ್ತು ಎಸ್‌ಎಂಪಿಎಸ್ (ಕ್ಯಾಬಿನೆಟ್ಟಿನೊಳಗಿನ ಪವರ್ ಸಪ್ಲೈ) 5 ವೋಲ್ಟ್ ಸ್ಟ್ಯಾಂಡ್‌ಬೈ ಕೊಡುತ್ತಿರುತ್ತದೆ. ಒಳಗಿನ ಗಡಿಯಾರ ಅದರಲ್ಲೇ ನಡೆಯುತ್ತದೆ. ಸ್ವಿಚ್ ಆರಿಸಿದೊಡನೆ ಗಡಿಯಾರವನ್ನೂ ಬಯಾಸ್ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ತಂತ್ರಾಂಶ) ಸೆಟ್ಟಿಂಗನ್ನೂ ಬ್ಯಾಟರಿಯೊಂದೇ ಕಾಯಬೇಕು. ಹಾಗೆಂದು ಸ್ವಿಚ್ ಆರಿಸುವುದನ್ನು ಬಿಡಬೇಡಿ; ಗುಡುಗು ಸಿಡಿಲಿನ ದಿನಗಳಲ್ಲಂತೂ ಪ್ಲಗ್ಗನ್ನೇ ಕಿತ್ತಿಡುವುದು ಕ್ಷೇಮ.

ಬೇಕಾದದ್ದು ಸಿಆರ್2032, 3 ವೋಲ್ಟಿನ ಲಿಥಿಯಂ ಬ್ಯಾಟರಿ. 20 ಎಂದರೆ ಅಗಲ 20 ಮಿ.ಮೀ., 32 ಎಂದರೆ ದಪ್ಪ 3.2 ಮಿ.ಮೀ. ಸಿಆರ್2025 ಅಗಲದಲ್ಲಿ ಹೊಂದಿದರೂ ದಪ್ಪ 2.5 ಮಿ.ಮೀ. ಮಾತ್ರ, ಸಂಪರ್ಕ ಸಡಿಲವಾಗುತ್ತದೆ. ರೀಚಾರ್ಜ್ ಮಾಡುವ ಎಲ್‌ಐಆರ್2032 ಕೊಟ್ಟರೆ ತೆಗೆದುಕೊಳ್ಳಬೇಡಿ, ಅದರ ವೋಲ್ಟೇಜ್ ಹೆಚ್ಚು.

ಕೆಲಸಕ್ಕೆ ಮೊದಲು, ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಹಾಕಿದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬಯಾಸ್ ಪುಟಗಳ, ಅದರಲ್ಲೂ ಸಾಟಾ ಮೋಡ್ (ಬೋರ್ಡ್ ಡಿಸ್ಕಿನೊಡನೆ ವ್ಯವಹರಿಸುವ ವಿಧಾನ) ಮತ್ತು ಬೂಟ್ ಕ್ರಮದ ಫೋಟೊ ತೆಗೆಯಿರಿ. ಸಾಟಾ ಮೋಡ್ ರೇಡ್‌ನಿಂದ ಎಎಚ್‌ಸಿಐಗೋ, ಎಎಚ್‌ಸಿಐನಿಂದ ರೇಡ್‌ಗೋ ಬದಲಾದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತುಬಿಡುತ್ತದೆ. ಎಷ್ಟೋ ಜನ ಇಲ್ಲಿ ಹಾರ್ಡ್ ಡಿಸ್ಕ್ ಹೋಯಿತೆಂದು ಗಾಬರಿಯಾಗುತ್ತಾರೆ.

ಶಟ್‌ಡೌನ್ ಮಾಡಿ ಪ್ಲಗ್ ಕೀಳಿ, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ ಇಳಿಸಿಕೊಳ್ಳಿ. ಹೋಲ್ಡರ್ ಅಂಚಿನ ಕ್ಲಿಪ್ ಸರಿಸಿದರೆ ಬ್ಯಾಟರಿ ಮೇಲೇಳುತ್ತದೆ. ಸ್ಕ್ರೂಡ್ರೈವರಿನಿಂದ ಮೀಟಬೇಡಿ, ಜಾರಿದರೆ ಬೋರ್ಡಿನ ತಾಮ್ರದ ಗೆರೆ ಕತ್ತರಿಸುತ್ತದೆ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗಿಟ್ಟು ಅಳೆಯಿರಿ: ಹೊಸದು 3 ವೋಲ್ಟಿಗಿಂತ ತುಸು ಮೇಲಿರುತ್ತದೆ, 2.8ಕ್ಕಿಂತ ಕೆಳಗಿದ್ದರೆ ಬದಲಿಸಿ. ಮಲಗಿಸಿ ಹಾಕುವ ಹೋಲ್ಡರಿನಲ್ಲಿ ‘+’ ಮುಖ ಮೇಲಕ್ಕಿರಲಿ. ಬಳಿಕ ಬಯಾಸ್‌ಗೆ ಹೋಗಿ ದಿನಾಂಕ, ಸಮಯ, ಫೋಟೊದಲ್ಲಿದ್ದ ಸೆಟ್ಟಿಂಗ್ ಹಾಕಿ ಸೇವ್ ಮಾಡಿ. ಹಳೆಯ ಬ್ಯಾಟರಿಯನ್ನು ಮೇಜಿನ ಮೇಲೆ ಬಿಡಬೇಡಿ. ಮಗು ನುಂಗಿದರೆ ಕೆಲವೇ ಗಂಟೆಯಲ್ಲಿ ಅನ್ನನಾಳ ಸುಟ್ಟು ಜೀವಕ್ಕೇ ಅಪಾಯ.

ಉಬುಂಟು (ಲಿನಕ್ಸ್‌ನ ಒಂದು ಬಗೆ) ಜೊತೆಗಿರುವ ಯಂತ್ರದಲ್ಲಿ ವಿಂಡೋಸ್ ಗಡಿಯಾರ ಸರಿಯಾಗಿ 5 ಗಂಟೆ 30 ನಿಮಿಷ ಹಿಂದಿದ್ದರೆ ಬ್ಯಾಟರಿ ಮುಟ್ಟಬೇಕಿಲ್ಲ. ಲಿನಕ್ಸ್ ಗಡಿಯಾರವನ್ನು ಜಾಗತಿಕ ಸಮಯವಾದ ಯುಟಿಸಿಯಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ.

ಹೊಸ ಬ್ಯಾಟರಿ ಹಾಕಿದರೂ ಮರೆತರೆ, ಬ್ಯಾಟರಿಯ ಹತ್ತಿರದ ‘ಕ್ಲಿಯರ್ ಸಿಮಾಸ್’ ಜಂಪರ್ (ಎರಡು ಪಿನ್ ಜೋಡಿಸುವ ಪುಟ್ಟ ಟೋಪಿ) ಸೆಟ್ಟಿಂಗ್ ಅಳಿಸುವ ಸ್ಥಾನದಲ್ಲೇ ಉಳಿದಿದೆಯೇ, ಹೋಲ್ಡರಿನ ಸ್ಪ್ರಿಂಗ್ ಬಗ್ಗಿದೆಯೇ ಅಥವಾ ತುಕ್ಕು ಹಿಡಿದಿದೆಯೇ ನೋಡಿ. ಎರಡೂ ಸರಿಯಿದ್ದು ಹೊಸ ಬ್ಯಾಟರಿ ಕೆಲವೇ ವಾರಗಳಲ್ಲಿ 2.8 ವೋಲ್ಟಿಗಿಂತ ಕೆಳಗಿಳಿದರೆ ಬೋರ್ಡೇ ಕರೆಂಟ್ ಸೋರಿಸುತ್ತಿದೆ. ಆಗ ಬೋರ್ಡ್ ಬದಲಿಸುವ ಮಾತು ನ್ಯಾಯ.