ನಾಣ್ಯ ಸಂದೇಹ: ವಿಭೂತಿ ತಿಕ್ಕಿದ ಗಾಂಧಿ ನಾಣ್ಯ

ಪ್ರಶ್ನೆ: ತಂದೆಯವರ ಕಾಲದ ಹತ್ತು ರೂಪಾಯಿಯ ಗಾಂಧಿ ಬೆಳ್ಳಿ ನಾಣ್ಯವೊಂದು ನಮ್ಮಲ್ಲಿದೆ. ಒಬ್ಬ ವ್ಯಾಪಾರಿ ‘ಇದು ಪ್ರೂಫ್, ಕೈಬಿಡಬೇಡಿ’ ಎಂದರು. ಇನ್ನೊಬ್ಬರು ‘ಮಾಮೂಲಿ ನಾಣ್ಯಕ್ಕೆ ಪಾಲಿಶ್ ಹೊಡೆದಿದ್ದಾರೆ, ಬೆಳ್ಳಿ ತೂಕಕ್ಕೆ ಕೊಡಿ’ ಎಂದರು. ಪ್ರತಿ ದೀಪಾವಳಿಗೆ ವಿಭೂತಿ ಹಾಕಿ ತಿಕ್ಕಿ ಲಕ್ಷ್ಮೀಪೂಜೆಗೆ ಇಡುತ್ತೇವೆ. ಯಾರ ಮಾತು ನಂಬಲಿ? ಫೋಟೊ ಲಗತ್ತಿಸಿದ್ದೇನೆ.
– ಓದುಗರು, ತಿಪಟೂರು

ಉತ್ತರ: ಮೊದಲನೆಯವರ ಮಾತು ನಿಜ. ಎರಡನೆಯವರೂ ಪೂರ್ತಿ ಸುಳ್ಳಾಡಿಲ್ಲ.

ಫೋಟೊ ದೊಡ್ಡದು ಮಾಡಿ ನೋಡಿದೆ. 1869–1948 ಎಂಬ ಇಸವಿಯ ಬಳಿ ‘ಬಿ’ ಎಂಬ ಇಂಗ್ಲಿಷ್ ಅಕ್ಷರ ಇದೆ. 1969ರಲ್ಲಿ, ಗಾಂಧಿ ಶತಮಾನೋತ್ಸವಕ್ಕೆ, ಬೊಂಬಾಯಿ ಟಂಕಸಾಲೆ ಸಂಗ್ರಾಹಕರಿಗಾಗಿ ಅಚ್ಚು ಹಾಕಿದ ಪ್ರೂಫ್ ನಾಣ್ಯದ ಗುರುತು ಅದು. ಅದೇ ಟಂಕಸಾಲೆಯ ಸಾಮಾನ್ಯ ನಾಣ್ಯಕ್ಕೆ ಅಕ್ಷರ ಇರುವುದಿಲ್ಲ, ಚುಕ್ಕೆಯೋ ವಜ್ರಾಕಾರದ ಗುರುತೋ ಇರುತ್ತದೆ. ಕಲ್ಕತ್ತೆಯದಕ್ಕೆ ಗುರುತೇ ಇಲ್ಲ. ತೂಕ ಹದಿನೈದು ಗ್ರಾಂ, ಅದರಲ್ಲಿ ನೂರಕ್ಕೆ ಎಂಬತ್ತು ಭಾಗ ಬೆಳ್ಳಿ. ಎಂದರೆ ಹನ್ನೆರಡು ಗ್ರಾಂ ಬೆಳ್ಳಿ ಎಲ್ಲಿಗೂ ಹೋಗುವುದಿಲ್ಲ, ಆ ಲೆಕ್ಕದಲ್ಲಿ ನಿಶ್ಚಿಂತೆಯಾಗಿರಿ.

ತುಂಬ ಜನ ಪ್ರೂಫ್ ಅಂದರೆ ‘ಚೆನ್ನಾಗಿ ಉಳಿದ ನಾಣ್ಯ’ ಅಂದುಕೊಂಡಿದ್ದಾರೆ. ಅಲ್ಲ. ಅದು ಹುಟ್ಟಿನ ವಿಚಾರ. ಅಚ್ಚನ್ನೂ ಬಿಲ್ಲೆಯನ್ನೂ ಮೊದಲೇ ನುಣ್ಣಗೆ ಉಜ್ಜಿ, ಹೆಚ್ಚಿನ ಒತ್ತಡದಲ್ಲಿ ಒಂದಕ್ಕಿಂತ ಹೆಚ್ಚು ಸಲ ಒತ್ತಿ ತೆಗೆಯುತ್ತಾರೆ. ಅದಕ್ಕೇ ಅಕ್ಷರಗಳ ಅಂಚು ಅಷ್ಟು ಚೂಪು, ಬಯಲು, ಎಂದರೆ ಚಿತ್ರವೂ ಅಕ್ಷರವೂ ಇಲ್ಲದ ಖಾಲಿ ಜಾಗ, ಅಷ್ಟು ಕನ್ನಡಿ. ಈ ಪತ್ರಿಕೆಯನ್ನೇ ನಾಣ್ಯದ ಎದುರು ಹಿಡಿದು ನೋಡಿ: ಒಳ್ಳೆಯ ಪ್ರೂಫ್‌ನ ಬಯಲಿನಲ್ಲಿ ಅಕ್ಷರಗಳು ಹಿಂದುಮುಂದಾಗಿ ಕಾಣುತ್ತವೆ. ಮಾಮೂಲಿ ನಾಣ್ಯಕ್ಕೆ ಅಂಗಡಿಯ ಬಫ್ ಪಾಲಿಶ್ ಕೊಟ್ಟರೆ ಹೊಳಪೇನೋ ಬರುತ್ತದೆ, ಆದರೆ ಗಾಂಧೀಜಿಯ ಕಿವಿ, ಕೆನ್ನೆ, ಅಕ್ಷರದ ಮೂಲೆ ಎಲ್ಲ ಸವೆದು ಗುಂಡಾಗುತ್ತವೆ.

ಇನ್ನು ವಿಭೂತಿ. ಕೋಣೆಯ ದೊಡ್ಡ ದೀಪ ಆರಿಸಿ, ಒಂದೇ ಬಲ್ಬಿನ ಕೆಳಗೆ ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನ ತಿರುಗಿಸಿ. ಒಂದು ಕೋನಕ್ಕೆ ಬಂದಾಗ ಬಯಲಿನ ತುಂಬ ಕೂದಲೆಳೆಯಷ್ಟು ಸಣ್ಣ ಗೀರುಗಳು, ಒಂದೇ ದಿಕ್ಕಿಗೆ, ಫಕ್ಕನೆ ಬೆಳಗುತ್ತವೆ. ನಿಮ್ಮ ಎರಡನೇ ಫೋಟೊದಲ್ಲೇ ಅವು ಕಾಣುತ್ತಿವೆ. ಪ್ರೂಫ್‌ಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ಗೀರನ್ನು ಅಳಿಸುವ ಉಪಾಯವೂ ಇಲ್ಲ. ‘ಇನ್ನೊಂದು ಸಲ ಪಾಲಿಶ್ ಮಾಡಿಸಿದರೆ?’ ಎಂದು ದಯವಿಟ್ಟು ಇನ್ನೊಂದು ಪತ್ರ ಬರೆಯಬೇಡಿ. ಈ ಬಾರಿ ಲಕ್ಷ್ಮಿಗೆ ಬೇರೆ ಬೆಳ್ಳಿ ಇಡಿ, ಆಕೆ ಬೇಸರ ಮಾಡಿಕೊಳ್ಳುವುದಿಲ್ಲ. ಬೆಳ್ಳಿ ತೂಕಕ್ಕಂತೂ ಕೊಡಬೇಡಿ. ಗೀರು ಬಿದ್ದ ಪ್ರೂಫ್‌ಗೂ ಕೊಳ್ಳುವವರು ಇದ್ದಾರೆ, ಕಡಿಮೆ ಬೆಲೆಗೆ.

ಪ್ರಶ್ನೆ: ನಾಣ್ಯವನ್ನು ಅಮೆರಿಕದ ಕಂಪನಿಗೆ ಕಳಿಸಿ ಗ್ರೇಡ್ ಮಾಡಿಸಿದರೆ ಬೆಲೆ ಏರುತ್ತದಂತೆ. ನನ್ನಲ್ಲಿ ಎಪ್ಪತ್ತರ ದಶಕದ ಕೆಲವು ಪ್ರೂಫ್‌ಗಳೂ ಅಜ್ಜನ ಕಾಲದ ವಿಕ್ಟೋರಿಯಾ ಪ್ರೂಫ್ ರೂಪಾಯಿಯೂ ಇವೆ. ಮಗ ಅಲ್ಲೇ ಇದ್ದಾನೆ, ಬಂದಾಗ ಕೊಟ್ಟು ಕಳಿಸಲೇ?
– ಓದುಗರು, ದಾವಣಗೆರೆ

ಉತ್ತರ: ವಿಕ್ಟೋರಿಯಾ ರೂಪಾಯಿಯನ್ನು ಮಗನ ಸೂಟ್‌ಕೇಸಿಗೆ ಹಾಕಬೇಡಿ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದಾಚೆ ಒಯ್ಯುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಹುಡುಗನ ರಜೆಯೆಲ್ಲ ವಿಚಾರಣೆಗೇ ಮುಗಿದೀತು.

ಅದು ಪ್ರೂಫ್ ಎಂದು ನಿಮಗೆ ಹೇಳಿದ್ದು ಯಾರು? ಹಳೆಯ ಅಚ್ಚುಗಳಿಂದ ನಮ್ಮ ಟಂಕಸಾಲೆಗಳೇ ಬಹಳ ಕಾಲದ ನಂತರವೂ ಸಂಗ್ರಾಹಕರಿಗಾಗಿ ಪ್ರೂಫ್ ಹೊಡೆದುಕೊಟ್ಟಿವೆ. ಅವು ನಕಲಿಯಲ್ಲ, ಹಾಗೆಂದು ಆ ಇಸವಿಯ ಮೂಲವೂ ಅಲ್ಲ. ರೀಸ್ಟ್ರೈಕ್ ಎನ್ನುತ್ತೇವೆ. ತುಕ್ಕು ಹಿಡಿದ ಅಚ್ಚಿನಿಂದ ಬಂದದ್ದಾದರೆ ಬಯಲಿನಲ್ಲಿ ಸಣ್ಣ ಗುಳ್ಳೆಗಳು ಮೇಲೆದ್ದಿರುತ್ತವೆ, ಭೂತಗನ್ನಡಿಗೆ ಸಿಗುತ್ತವೆ. ತಕ್ಕಡಿಗೂ ಹಾಕಿ: ಆ ರೂಪಾಯಿ ಒಂದು ತೊಲ, 11.66 ಗ್ರಾಂ ತೂಗಬೇಕು.

ಉಳಿದವಕ್ಕೆ ಬರೋಣ. ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಶುರುವಾದ ಅಮೆರಿಕದ ಗ್ರೇಡಿಂಗ್ ಕಂಪನಿಗಳು. ಒಂದರಿಂದ ಎಪ್ಪತ್ತರವರೆಗೆ ಅಂಕ ಕೊಟ್ಟು, ನಾಣ್ಯವನ್ನು ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಸೀಲು ಮಾಡುತ್ತಾರೆ. ಅರವತ್ತರಿಂದ ಮೇಲೆ ಲೆಕ್ಕ ಬಹಳ ಸೂಕ್ಷ್ಮ. ಅರವತ್ತೇಳಕ್ಕೂ ಅರವತ್ತೊಂಬತ್ತಕ್ಕೂ ನಡುವೆ ಬರಿಗಣ್ಣಿಗೆ ಏನೂ ಕಾಣದಿರಬಹುದು, ಬೆಲೆಯಲ್ಲಿ ಮಾತ್ರ ಕಾಣುತ್ತದೆ. ತಿಕ್ಕಿದ ನಾಣ್ಯಕ್ಕೆ ಅಂಕವೇ ಇಲ್ಲ, ‘ಡೀಟೇಲ್ಸ್’ ಎಂದು ಬರೆದು ‘ಕ್ಲೀನ್ಡ್’ ಎಂದು ಕಾರಣ ಸೇರಿಸುತ್ತಾರೆ. ಚಿತ್ರ ಮಂಜಿನಂತೆ ಬೆಳ್ಳಗೆ, ಬಯಲು ಕಪ್ಪುಗನ್ನಡಿಯಾಗಿ ಎರಡೂ ಬೇರೆಬೇರೆ ಎದ್ದು ಕಂಡರೆ ‘ಕ್ಯಾಮಿಯೊ’ ಎಂಬ ಮಾತೂ ಚೌಕಟ್ಟಿನೊಳಗಿನ ಚೀಟಿಗೆ ಸೇರುತ್ತದೆ. ಅದಕ್ಕೆ ನನ್ನ ಕಣ್ಣೂ ಸೋಲುತ್ತದೆ, ಸುಳ್ಳೇಕೆ ಹೇಳಲಿ.

ಆದರೆ ಶುಲ್ಕ, ವಿಮೆ, ಅಂಚೆ ಎಲ್ಲ ಸೇರಿಸಿದರೆ ಐವತ್ತು ಭಾಗ ಬೆಳ್ಳಿಯ 1972ರ ಹತ್ತು ರೂಪಾಯಿ ನಾಣ್ಯಕ್ಕೆ ಆ ಖರ್ಚು ಹುಟ್ಟುವುದು ಅನುಮಾನ. ನೀವು ಮಾರುವವರಲ್ಲ ಎಂದಾದರೆ ಬೇಡವೇ ಬೇಡ. ಕೊಳ್ಳುವವರಾದರೆ ಒಂದು ಮಾತು: ಚೌಕಟ್ಟನ್ನೂ ನಕಲು ಮಾಡುತ್ತಾರೆ. ಚೀಟಿಯ ಸಂಖ್ಯೆಯನ್ನು ಕಂಪನಿಯ ತಾಣದಲ್ಲಿ ಹಾಕಿ, ಅಲ್ಲಿನ ಚಿತ್ರಕ್ಕೂ ಕೈಯಲ್ಲಿರುವ ನಾಣ್ಯದ ಮೇಲಿನ ಕಲೆ, ಗೀರುಗಳಿಗೂ ತಾಳೆ ನೋಡಿ ಆಮೇಲೆ ದುಡ್ಡು ಎಣಿಸಿ.

ಪ್ರಶ್ನೆ: ಆಲ್ಬಮ್ಮಿನಲ್ಲಿಟ್ಟ ಬೆಳ್ಳಿ ನಾಣ್ಯಗಳ ಮೇಲೆ ಹಸಿರು ಅಂಟು ಬರುತ್ತಿದೆ. ಏಕೆ?
– ಓದುಗರು, ಉಡುಪಿ

ಉತ್ತರ: ಮೆತ್ತಗಿನ ಪಿವಿಸಿ ಹಾಳೆಯ ಕೆಲಸ; ಕರಾವಳಿಯ ಸೆಕೆ, ತೇವ ಅದಕ್ಕೆ ಸಹಾಯ ಮಾಡುತ್ತಿವೆ. ಇವತ್ತೇ ಹೊರಗೆ ತೆಗೆಯಿರಿ. ಶುದ್ಧ ಅಸಿಟೋನ್‌ನಲ್ಲಿ ಅದ್ದಿಡಿ, ಅಂಟು ತಾನಾಗಿ ಬಿಡುತ್ತದೆ. ಕಿಟಕಿ ತೆರೆದಿರಲಿ, ದೇವರ ದೀಪ ಪಕ್ಕದಲ್ಲಿರಬಾರದು. ಹತ್ತಿಯಿಂದಲೂ ಒರೆಸಬೇಡಿ. ಒಣಗಿದ ಮೇಲೆ ಗಟ್ಟಿ ಅಕ್ರಿಲಿಕ್ ಡಬ್ಬಿಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ರಬ್ಬರ್ ಬ್ಯಾಂಡ್ ಮಾತ್ರ ಹತ್ತಿರ ಸುಳಿಯದಿರಲಿ, ಅದರಲ್ಲಿನ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ.

ಪ್ರಶ್ನೆ: ಹೊಸ ಸಂಸತ್ ಭವನದ 75 ರೂಪಾಯಿ ನಾಣ್ಯ ಬ್ಯಾಂಕಿನಲ್ಲಿ 75 ರೂಪಾಯಿಗೇ ಸಿಗುತ್ತದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಇಲ್ಲ. 35 ಗ್ರಾಂ ತೂಕ, ಅರ್ಧ ಬೆಳ್ಳಿ. ಆ ಬೆಲೆಗೆ ಯಾರು ಕೊಟ್ಟಾರು? ಟಂಕಸಾಲೆಯವರು ಸಂಗ್ರಾಹಕರಿಗೆಂದು ಹೊರತರುವ ನಾಣ್ಯ ಅದು, ಬೆಲೆಯೂ ಅವರದೇ.