ಮಾರ್ಬಲ್ ಊಟದ ಮೇಜು: ಕಲ್ಲು ಕೊಳ್ಳುವ ಮೊದಲು ಕಾಲಿನ ಲೆಕ್ಕ

ದಾವಣಗೆರೆಯ ಹೊಸ ಮನೆಗೆ 6 ಜನರ ಊಟದ ಮೇಜು ಬೇಕು, ಮೇಲೆ ಬಿಳಿ ಮಾರ್ಬಲ್, ಕೆಳಗೆ ಸಾಗವಾನಿ. 18 ಎಂಎಂ ಕಲ್ಲು ಸಾಕಾ, ನಡುವೆ ಒಂದೇ ಕಂಬ ಕೊಡಬಹುದಾ ಎಂದು ಕೇಳಿದ್ದೀರಿ. 18 ಎಂಎಂ ಸಾಕು, ಅಡಿಯಲ್ಲಿ ಪ್ಲೈವುಡ್ ಇದ್ದರೆ. 6 ಅಡಿ ಉದ್ದಕ್ಕೆ ಒಂದೇ ಕಂಬ ಮಾತ್ರ ನಾನು ಬೇಡವೆನ್ನುತ್ತೇನೆ.

6x3 ಅಡಿಯ ಆ ಕಲ್ಲು ಸುಮಾರು 80 ಕೆಜಿ. ಅಷ್ಟು ತೂಕ ಸಾಗವಾನಿಗೆ ಏನೂ ಅಲ್ಲ. ಆದರೆ ಮರ ಸ್ವಲ್ಪ ಬಾಗಿ ಮತ್ತೆ ನೇರವಾಗುತ್ತದೆ. ಮಾರ್ಬಲ್ ಬಾಗದೆ, ಕಲ್ಲಿನೊಳಗಿನ ಗೆರೆ ಹಾದುಹೋದ ಕಡೆ ಸೀಳುತ್ತದೆ. ತುದಿಗೆ ಕೈಯೂರಿ ಯಾರಾದರೂ ಎದ್ದರೂ ಸಾಕು.

ಹಾಗಾಗಿ ನಾಲ್ಕು ಕಾಲು, ಸುತ್ತ ಚೌಕಟ್ಟು. ಚೌಕಟ್ಟು 5 ಅಡಿ ಉದ್ದ, 2 ಅಡಿ 2 ಇಂಚು ಅಗಲವಿದ್ದರೆ ಕಲ್ಲು ತುದಿಗಳಲ್ಲಿ 6 ಇಂಚು, ಬದಿಗಳಲ್ಲಿ 5 ಇಂಚು ಮಾತ್ರ ಹೊರಚಾಚುತ್ತದೆ. ಚೌಕಟ್ಟಿನ ಪಟ್ಟಿ 3 ಇಂಚು ಎತ್ತರ, ಒಂದೂಕಾಲು ಇಂಚು ದಪ್ಪ. ಒಳಗೆ ಎರಡು ಅಡ್ಡಪಟ್ಟಿ. ಮೇಜಿನ ಒಟ್ಟು ಎತ್ತರ 30 ಇಂಚು ಇಟ್ಟರೆ ಮೊಣಕಾಲಿಗೆ 25 ಇಂಚಿಗೂ ಹೆಚ್ಚು ಜಾಗ ಸಿಗುತ್ತದೆ. ಅಂದ ಬೇಕೆಂದರೆ ಕಾಲನ್ನು ಮೇಲೆ 3 ಇಂಚು ಚೌಕ ಬಿಟ್ಟು, ಪಟ್ಟಿಯ ಕೆಳಗಿನಿಂದ ಒಳಮುಖಗಳನ್ನು ಮಾತ್ರ ಕೆತ್ತಿ ಪಾದದಲ್ಲಿ ಒಂದೂಮುಕ್ಕಾಲು ಇಂಚಿಗೆ ಇಳಿಸಲು ಹೇಳಿ. ಭಾರದ ಕಲ್ಲೂ ಹಗುರವಾಗಿ ಕಾಣುತ್ತದೆ.

ಪಟ್ಟಿಯನ್ನು ಕಾಲಿಗೆ ಬರೀ ಸ್ಕ್ರೂ, ಫೆವಿಕಾಲ್‌ನಿಂದ ಹಿಡಿಸಲು ಆಚಾರ್ರಿಗೆ ಬಿಡಬೇಡಿ. ತುದಿಯನ್ನು ನಾಲಿಗೆಯಂತೆ ಕೊರೆದು, ಕಾಲಿನ ತೂತಿನೊಳಗೆ ಒಂದೂವರೆ ಇಂಚು ಕೂರಿಸಬೇಕು. ಮರ ಚೆನ್ನಾಗಿ ಒಣಗಿರಲಿ. ತೇವಾಂಶ 12%ಗಿಂತ ಕಡಿಮೆ ಇದೆಯೆಂದು ಮೀಟರಿನಲ್ಲಿ ನೋಡಿ. ನಮ್ಮ ಕಡೆಯ ಬೇಸಿಗೆಯಲ್ಲಿ ಹಸಿ ಮರ ಕುಗ್ಗಿ ತಿರುಚಿಕೊಂಡರೆ ಕಲ್ಲು ಮೂರೇ ಕಡೆ ಕೂರುತ್ತದೆ. ಕಾರಣ ತಿಳಿಯದ ಬಿರುಕು ಎಷ್ಟೋ ಸಲ ಇದೇ.

ಚೌಕಟ್ಟಿನ ಮೇಲೆ 18 ಎಂಎಂ ಬಿಡಬ್ಲ್ಯೂಪಿ (ನೀರು ತಾಳುವ) ಪ್ಲೈ, ಕಲ್ಲಿನ ಅಂಚಿಗಿಂತ 2 ಇಂಚು ಒಳಗೆ. ಆಗ ನಿಂತವರಿಗೆ ಪ್ಲೈ ಕಾಣುವುದಿಲ್ಲ, ತೆಳ್ಳನೆಯ ಅಂಚಷ್ಟೇ ಕಾಣುತ್ತದೆ. ಪ್ಲೈಯ ಮೇಲ್ಮೈಗೆ ಬಿಳಿ ಬಣ್ಣ ಹೊಡೆಸಿ. ಬಿಳಿ ಮಾರ್ಬಲ್ ಸ್ವಲ್ಪ ಬೆಳಕು ಬಿಡುತ್ತದೆ, ಅಡಿಯ ಕಪ್ಪು ಮೇಲಕ್ಕೆ ತೋರುತ್ತದೆ. ನೇರ ಪಟ್ಟಿ ಇಟ್ಟು ನೋಡಿ, 1 ಎಂಎಂಗಿಂತ ಹೆಚ್ಚು ಸಂದಿದ್ದರೆ ಉಜ್ಜಿಸಿ ಸಮ ಮಾಡಿಸಿ. ಅಂಟಿಗೆ ನ್ಯೂಟ್ರಲ್ ಸಿಲಿಕಾನ್, 6-8 ಇಂಚಿಗೊಂದು ರೂಪಾಯಿಯಗಲದ ಬೊಟ್ಟು. ವಿನೆಗರ್ ವಾಸನೆಯ ಸಿಲಿಕಾನ್ ಬೇಡ, ಅದರ ಆಮ್ಲ ಕಲ್ಲನ್ನು ತಿನ್ನುತ್ತದೆ. ಇಡೀ ಕಲ್ಲಿಗೆ ಅಂಟು ಬಳಿಯುವುದೂ ಬೇಡ: ಪ್ಲೈ ಆಡಿದರೂ ಕಲ್ಲಿಗೆ ಅದರ ಎಳೆತ ತಾಗಬಾರದು.

ಕಲ್ಲು ಆರಿಸುವಾಗ ನೀರೆರಚಿ ಒಣಗಲು ಬಿಡಿ. ಉಳಿದದ್ದೆಲ್ಲ ಒಣಗಿದ ಮೇಲೂ ಕಪ್ಪಾಗಿಯೇ ಇರುವ ಗೆರೆ ಬಿರುಕಾಗಿರಬಹುದು, ಅಂಥ ಹಲಗೆ ಬಿಡಿ. ಸಾಗಿಸುವಾಗ ನಾಲ್ವರು ಹಿಡಿದು, ಗಾಜಿನಂತೆ ನೆಟ್ಟಗೆ ನಿಲ್ಲಿಸಿಯೇ ತರಬೇಕು.

ಇನ್ನು ಊಟ. ಮಾರ್ಬಲ್ ಎಂದರೆ ಸುಣ್ಣದ ಕಲ್ಲೇ. ಮಂಡಕ್ಕಿಗೆ ಹಿಂಡಿದ ನಿಂಬೆ, ಹುಣಸೆ ಸಾರು, ಮೊಸರು ಬಿದ್ದರೆ ಹೊಳಪು ಹೋಗಿ ಮಂಕು ಗುರುತು ಉಳಿಯುತ್ತದೆ. ಚಿತ್ರದುರ್ಗದ ಕೋಟೆಯ ಬಂಡೆಯಂಥ ಗ್ರಾನೈಟಿಗೆ ಈ ಕಾಟ ಇಲ್ಲ. ಕಲ್ಲಿಗೆ ಬಳಿಯುವ ಸೀಲರ್ ಕಲೆ ಇಂಗದಂತೆ ತಡೆಯುತ್ತದೆ, ಆಮ್ಲವನ್ನು ತಡೆಯುವುದಿಲ್ಲ. ಅಂಗಡಿಯವರು ಏನೇ ಹೇಳಲಿ. ಕನ್ನಡಿ ಪಾಲಿಶ್ ಬದಲು ಮ್ಯಾಟ್ ಮಾಡಿಸಿದರೆ ಆ ಗುರುತು ಅಷ್ಟಾಗಿ ಕಾಣದು. ಬೆಣ್ಣೆ ದೋಸೆಯ ಜಿಡ್ಡು ಇಂಗಿದ್ದರೆ ಅಡಿಗೆ ಸೋಡಾವನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿ, ಪ್ಲಾಸ್ಟಿಕ್ ಮುಚ್ಚಿ 24 ಗಂಟೆ ಬಿಡಿ. ಆಮೇಲೆ ಬಿಚ್ಚಿ ಪೂರ್ತಿ ಒಣಗಿಸಿ ಒರೆಸಿ. ಹಳೆಯ ಕಲೆಗೆ ಇದನ್ನೇ ಎರಡು ಮೂರು ಸಲ ಮಾಡಬೇಕಾಗುತ್ತದೆ.